ಕೆರೆ ಏರಿಯ ಮೇಲೆ ‘ಉಡಾ’ ಅಂದದ್ದು

ಫೋಟೋ ತೆಗೆಯುವ ಮುಂಚೆ ನಾನು ಜೋರಾಗಿ ಕನ್ನಡ ಮಾತಾಡುತ್ತೇನೆ. ಯಾರ ಜೊತೆ ಎಂಬುದು ಮುಖ್ಯವಲ್ಲ. ನಮ್ಮೆಜಮಾನರು ಪಕ್ಕದಲ್ಲಿದ್ದರೆ ಅವರ ಜೊತೆ. ಇಲ್ಲದಿದ್ದರೆ ಫೋನನ್ನು ಕಿವಿಗೆ ಹಿಡಿದು, ಆ ಕಡೆ ಯಾರೂ ಇಲ್ಲದಿದ್ದರೂ, “ಹ್ಞೂ ಕಣ್ರೀ, ಇಲ್ಲೇ ಕೆರೆ ಹತ್ರ ಇದೀನಿ, ಹಕ್ಕಿ ನೋಡ್ತಿದೀನಿ” ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತೇನೆ. ಆಮೇಲೆ ಫೋನು ಇಳಿಸಿ, ಆಗಷ್ಟೇ ಹೊಳೆದವಳಂತೆ ಒಂದು ಫೋಟೋ. ಮೊದಲು ಕನ್ನಡ, ಆಮೇಲೆ ಕ್ಯಾಮೆರಾ. ಇದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ತಾನಾಗಿ ಕೈಗೆ ಬಂದದ್ದು, ಕುಕ್ಕರಿನ ಸೀಟಿ ಎಣಿಸುವುದು ಬಂದ ಹಾಗೆ.

ಒಂದು ಸಲ ಸಹಕಾರನಗರದ ರಸ್ತೆಯಲ್ಲಿ ಮರವೊಂದು ಎಲೆಯೇ ಇಲ್ಲದೆ ಬರೀ ಗುಲಾಬಿ ಬಣ್ಣದ ಹೂವಾಗಿ ನಿಂತಿತ್ತು. ತರಕಾರಿ ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡು ಫೋನು ಎತ್ತಿದೆ. ಮರದ ಆಚೆ ಮೂರು ಚಕ್ರದ ಸೈಕಲ್ ತುಳಿಯುತ್ತಿದ್ದ ಮಗುವನ್ನು ಅದರ ತಾಯಿ ಥಟ್ಟನೆ ಎಳೆದು ತನ್ನ ಹಿಂದೆ ನಿಲ್ಲಿಸಿಕೊಂಡಳು. ನನ್ನ ಫೋಟೋದಲ್ಲಿ ಮಗು ಇರಲಿಲ್ಲ, ತಾಯಿಯೂ ಇರಲಿಲ್ಲ. ಆದರೂ ಅವಳು ನನ್ನ ಬುರ್ಖಾ ನೋಡಿದಳು, ಫೋನು ನೋಡಿದಳು, ಮತ್ತೆ ಬುರ್ಖಾ ನೋಡಿದಳು. ಯಶವಂತಪುರದ ಸ್ಟೇಷನ್ನಿನಲ್ಲೂ ಹಾಗೆಯೇ. ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಮನೆಯವರಿಗೆ ತೋರಿಸಲು ಬೋರ್ಡಿನ ಫೋಟೋ ತೆಗೆದರೆ, ಬೆಂಚಿನಲ್ಲಿ ಕೂತಿದ್ದವರು ತಮ್ಮ ಬ್ಯಾಗನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಯಾರೂ ಬೈದಿಲ್ಲ, ಹೊಡೆದಿಲ್ಲ. ಹೇಳಿಕೊಳ್ಳುವಂಥದ್ದೇನೂ ನಡೆದಿಲ್ಲ. ಹಾಗಾಗಿ ಹೇಳಿಕೊಂಡೂ ಇಲ್ಲ.

ಮನೆಯ ಒಳಗಿನ ಕತೆ ಬೇರೆ. ನಮ್ಮ ತಂದೆ ಗೋಡೆಗೆ ಮನುಷ್ಯರ ಫೋಟೋ ಹಾಕಲು ಬಿಡುತ್ತಿರಲಿಲ್ಲ. ಫೋಟೋ ಇರುವ ಮನೆಗೆ ಫರಿಶ್ತೆಗಳು, ಅಂದರೆ ದೇವದೂತರು, ಬರುವುದಿಲ್ಲ ಎನ್ನುತ್ತಿದ್ದರು. ಆಲ್ಬಮ್ ಮಾತ್ರ ತಗಡಿನ ಪೆಟ್ಟಿಗೆಯಲ್ಲಿ, ನುಸಿಗುಳಿಗೆಯ ವಾಸನೆಯಲ್ಲಿ ಇರುತ್ತಿತ್ತು. ಹಬ್ಬದ ದಿನ ನಾವು ಅಕ್ಕತಂಗಿ ಅದನ್ನು ತೆಗೆದು, ಬಾಗಿಲು ಹಾಕಿಕೊಂಡು ನೋಡುತ್ತಿದ್ದೆವು. ಅಂದರೆ ಫೋಟೋ ಅಂದರೆ ಮೊದಲಿಂದಲೂ ಒಂದು ಕಳ್ಳತನವೇ. ಒಳಗೆ ತಂದೆಗೆ ಹೆದರಿ, ಹೊರಗೆ ಯಾರಿಗೆ ಅಂತ ಗೊತ್ತಿಲ್ಲದವರಿಗೆ ಹೆದರಿ.

ನಾನು ಬರೆಯಬೇಕೆಂದಿರುವುದು ಆಪಾ ಬಗ್ಗೆ ಮತ್ತು ಒಂದು ಹಕ್ಕಿಯ ಗೂಡಿನ ಬಗ್ಗೆ. ಆಪಾ ಅಂದರೆ ನನ್ನ ಅಕ್ಕ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಭಾವ ಹೋದ ಮೇಲೆ ಕೊಡಿಗೇಹಳ್ಳಿಯ ನಮ್ಮ ಮನೆಯ ಮೇಲಿನ ಎರಡು ರೂಮಿನಲ್ಲಿದ್ದಳು. ದಿನಾ ಬೆಳಿಗ್ಗೆ ನಮ್ಮೆಜಮಾನರು ನಮ್ಮಿಬ್ಬರನ್ನೂ ಒಬ್ಬೊಬ್ಬರನ್ನಾಗಿ ಸ್ಕೂಟರಿನಲ್ಲಿ ಜಕ್ಕೂರು ಕೆರೆಗೆ ಬಿಟ್ಟು, ಹಾಲು ತರಲು ಹೋಗುತ್ತಿದ್ದರು. ಅವರದು ಯಶವಂತಪುರದಲ್ಲಿ ಗಾಡಿಗಳ ಸೀಟು ಹೊಲಿಯುವ ಅಂಗಡಿ. ಹತ್ತಕ್ಕೆ ಬಾಗಿಲು ತೆಗೆದರೆ ಸಾಕು. ಆಪಾಗೆ ಮಂಡಿ ನೋವು, ನನಗೆ ಸಕ್ಕರೆ. ಡಾಕ್ಟರು ಇಬ್ಬರಿಗೂ ನಡೆಯಿರಿ ಎಂದಿದ್ದರು.

ಇಬ್ಬರಿದ್ದಾಗ ಈ ಮುಜುಗರ ಇರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಎರಡು ಬುರ್ಖಾ ಒಟ್ಟಿಗೆ ಹರಟುತ್ತಾ ಹೋದರೆ ವಾಕಿಂಗ್ ಬಂದ ಹೆಂಗಸರು. ಒಂದೇ ಬುರ್ಖಾ ಫೋನು ಹಿಡಿದು ನಿಂತರೆ ಬೇರೆ ಏನೋ.

ಗೂಡು ಕಂಡದ್ದು ಆಪಾಗೆ. ಏರಿಯಿಂದ ಹತ್ತು ಹದಿನೈದು ಹೆಜ್ಜೆ ಆಚೆ, ನೀರಿನ ಮೇಲೆ ಕೊಳೆತ ಜೊಂಡಿನ ಒಂದು ಗುಪ್ಪೆ. ಕಸ ಎಂದೇ ನಾನು ತಿಳಿದಿದ್ದೆ. ಪಕ್ಕದಲ್ಲಿ ಹಸಿರು ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯೂ ತೇಲುತ್ತಿತ್ತು. ಆಪಾ ನಿಂತು, “ಅದ್ರ ಮೇಲೆ ಕೂತಿದೆ ನೋಡೇ” ಎಂದಳು. ಬಾತುಕೋಳಿ ಮರಿಯಷ್ಟು ದೊಡ್ಡ ಹಕ್ಕಿ, ಕಂದು ಕುತ್ತಿಗೆ. ನಾವು ನೋಡುತ್ತಿದ್ದಂತೆ ಎದ್ದು, ಕೊಕ್ಕಿನಿಂದ ಜೊಂಡು ಎಳೆದೆಳೆದು ಮೊಟ್ಟೆಗಳನ್ನು ಮುಚ್ಚಿ, ಗುಳುಕ್ಕನೆ ಮುಳುಗಿತು. ದುರ್ಬೀನು ಹಾಕಿಕೊಂಡು ಬರುವ ಹಿರಿಯರೊಬ್ಬರು, “ಗುಳುಮುಳುಕ ಅಂತಾರಮ್ಮ ಇದಕ್ಕೆ. ಮೂರು ವಾರ ಕಾವು ಕೂರುತ್ತೆ. ಮರಿ ಹೊರಗೆ ಬಂದ ದಿನವೇ ತಾಯಿ ಬೆನ್ನು ಹತ್ತಿ ಕೂತ್ಬಿಡುತ್ವೆ” ಎಂದು ಹೇಳಿ ಹೋದರು.

ಆಪಾಗೆ ಅದೊಂದು ಹಿಡಿಯಿತು. ಬೆನ್ನ ಮೇಲೆ ಮರಿ ಕೂರಿಸಿಕೊಂಡು ಈಜುವುದನ್ನು ನೋಡಬೇಕು.

ಐದನೇ ದಿನ ಮೆಟ್ಟಿಲು ತೊಳೆದ ನೀರಿನಲ್ಲಿ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ರಾಡು ಹಾಕಿದರು. ಆರು ವಾರ ಹಾಸಿಗೆ ಬಿಟ್ಟು ಏಳುವಂತಿಲ್ಲ. ಮಗಳು ತನ್ನ ಮನೆಗೆ, ಆರ್.ಟಿ. ನಗರಕ್ಕೆ, ಕರೆದುಕೊಂಡು ಹೋದಳು. ಮೂರನೇ ಮಹಡಿ, ಲಿಫ್ಟ್ ಇಲ್ಲ. ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ಅವಳ ಮಂಚದಿಂದ ಕಿಟಕಿಯಲ್ಲಿ ಕಾಣುವುದು ಎದುರು ಮನೆಯ ಕಪ್ಪು ನೀರಿನ ಟ್ಯಾಂಕು ಮಾತ್ರ.

ಬಿದ್ದ ದಿನವೇ ಸಂಜೆ ನಾನು ಆಸ್ಪತ್ರೆಗೆ ಗಂಜಿ ತೆಗೆದುಕೊಂಡು ಹೋದಾಗ ಆಪಾ ಕೇಳಿದ್ದು ಒಂದೇ. “ದಿನಾ ಒಂದು ಫೋಟೋ ಕಳಿಸ್ತೀಯಾ? ಗೂಡಿಂದು.”

“ಕಳಿಸ್ತೀನಿ” ಎಂದೆ.

“ಮರಿ ಬರೋವರೆಗೂ?”

“ಬರೋವರೆಗೂ.”

ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸು ಬದಲಿಸಿದ ದಿನ, ನೀರು ಬಂದ ದಿನ ಬರೆದುಕೊಳ್ಳುವವಳು ನಾನು. ಅದರಲ್ಲೇ ಗೂಡು ಕಂಡ ದಿನಕ್ಕೆ ಒಂದು ಸುತ್ತು ಹಾಕಿ, ಅಲ್ಲಿಂದ ಇಪ್ಪತ್ತೊಂದು ಎಣಿಸಿ ಇನ್ನೊಂದು ಸುತ್ತು ಹಾಕಿದೆ. ಅಷ್ಟು ದಿನ ಒಬ್ಬಳೇ ಏರಿಯ ಮೇಲೆ ನಿಂತು ಫೋನು ಎತ್ತಬೇಕು. ಮಾತು ಕೊಟ್ಟಾಗ ಅದು ಹೊಳೆದಿರಲಿಲ್ಲ.

ಮನೆಯಲ್ಲಿ ನಾವು ಆಡುವುದು ದಖನಿ, ಈ ಕಡೆಯ ಉರ್ದು. ನಮ್ಮ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಒಂದು ಮಾತನ್ನು ಮಾತ್ರ ಹಾಗೇ ಬಿಡಬೇಕು. ‘ಉಡಾ’ ಎನ್ನುವುದು. ನಮ್ಮಲ್ಲಿ ಆ ಮಾತು ಮಾಡದ ಕೆಲಸವಿಲ್ಲ. ಪಾರಿವಾಳ ಹಾರಿಸಿದರೂ ಅದೇ, ಬಟ್ಟೆಯ ಬಣ್ಣ ಹೋದರೂ ಅದೇ, ಫ್ಯೂಸು ಹೋದರೂ ಅದೇ. ಫೋನು ಬಂದ ಮೇಲೆ ಇನ್ನೊಂದು ಕೆಲಸ ಸೇರಿಕೊಂಡಿತು. ಫೋಟೋ ಅಳಿಸಿಬಿಡು ಎನ್ನಲು ‘ಉಡಾ ದಾಲೋ’ ಎನ್ನುತ್ತೇವೆ.

ಮೊದಲ ಎಂಟು ದಿನ ಹೇಗೋ ನಡೆಯಿತು. ಗೇಟು ದಾಟುತ್ತಿದ್ದಂತೆ ಫೋನು ಕಿವಿಗೆ. ಕನ್ನಡ. ಗೂಡಿನ ಎದುರು ಬಂದಾಗ ಹಿಂದೆ ಮುಂದೆ ಯಾರಿದ್ದಾರೆಂದು ನೋಡುವುದು. ಓಡುವವರಾದರೆ ಪರವಾಗಿಲ್ಲ, ಕಿವಿಯಲ್ಲಿ ಹಾಡು ಇಟ್ಟುಕೊಂಡು ಹೋಗಿಬಿಡುತ್ತಾರೆ. ಗುಂಪಾಗಿ ಮಾತಾಡುತ್ತಾ ಬರುವವರು ಹೋಗುವವರೆಗೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತೇನೆ. ಅದೇ ದಾರಿಯಲ್ಲಿ ಮೊಳದುದ್ದದ ಲೆನ್ಸು ಹಿಡಿದು ಹೊಟ್ಟೆ ಮೇಲೆ ಮಲಗಿ ಫೋಟೋ ತೆಗೆಯುವ ಹುಡುಗ ಹುಡುಗಿಯರು ಇದ್ದರು. ಅವರನ್ನು ಜನ ಸುತ್ತು ಬಳಸಿ ದಾಟುತ್ತಿದ್ದರು, ನೆಲಕ್ಕೆ ಒರಗಿದವರ ಏಕಾಗ್ರತೆ ಕೆಡಿಸಬಾರದೆಂದು. ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ಲೆನ್ಸಿನ ಮೇಲಲ್ಲ, ಹಾಗೆ ಮಲಗುವುದರ ಮೇಲೆ.

ನಾನು ಕಳಿಸುತ್ತಿದ್ದ ಫೋಟೋದಲ್ಲಿ ಹಕ್ಕಿ ಹುಣಸೆ ಬೀಜದಷ್ಟು. ಆಪಾ ಅದನ್ನು ಬೆರಳಿನಿಂದ ಎಳೆದು ಎಳೆದು ದೊಡ್ಡದು ಮಾಡಿ ಓದುತ್ತಿದ್ದಳು. ಬಿಳಿ ಮೊಟ್ಟೆ ಜೊಂಡಿನ ಕರೆ ಹತ್ತಿ ಕಂದಾಗಿದೆ ಎಂದು ಹೇಳಿದ್ದು ಅವಳೇ. ಗಾಳಿಗೆ ಗೂಡು ಒಂದು ಮಾರು ಎಡಕ್ಕೆ ಸರಿದಿದೆ ಎಂದು ಹೇಳಿದ್ದೂ ಅವಳೇ. ನಾನು ಅಲ್ಲೇ ನಿಂತಿದ್ದೆ, ನನಗೆ ಕಂಡಿರಲಿಲ್ಲ. ನನ್ನ ಕಣ್ಣೆಲ್ಲ ಜನರ ಮೇಲೆ.

“ಬುರ್ಖಾ ಬಿಟ್ಟು ಬರೀ ದುಪಟ್ಟಾ ಹಾಕ್ಕೊಂಡು ಹೋಗ್ಲಾ?” ಎಂದು ಒಂದು ಸಂಜೆ ನಮ್ಮೆಜಮಾನರನ್ನು ಕೇಳಿದೆ.

ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ. “ಹಕ್ಕಿ ಏನಾದ್ರೂ ಹೇಳ್ತಾ?”

“ತಮಾಷೆ ಸಾಕು.”

“ಸರಿ, ಹೋಗು. ಆಮೇಲೆ ನಿನ್ನನ್ನ ನೀನೇ ಅಲ್ಲ ಅಂದ್ಕೊಂಡು ನಿಂತಿರ್ತೀಯ. ಅದೂ ಕಷ್ಟ ತಾನೇ.” ಪುಟ ತಿರುಗಿಸಿದರು. ಅವರು ಮಾತು ಕಡಿಮೆ. ಹಾಗೆ ಆಡಿದ ಒಂದೆರಡು ಮಾತು ಎರಡು ದಿನ ತಲೆಯಲ್ಲಿ ಕೂರುತ್ತದೆ.

ಒಂಬತ್ತನೇ ದಿನ ಹಕ್ಕಿ ಮೊಟ್ಟೆ ತಿರುಗಿಸುತ್ತಿತ್ತು. ಅವಸರದಲ್ಲಿ ಫೋನು ಎತ್ತಿದೆ. ಅಷ್ಟರಲ್ಲಿ ಜಕ್ಕೂರಿನ ವಿಮಾನ ಮೈದಾನದಿಂದ ಎದ್ದ ಸಣ್ಣ ವಿಮಾನವೊಂದು ಕೆರೆಯ ಮೇಲೆ, ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತಾ, ಬಾಗಿ ತಿರುಗಿತು. ಕೈ ಅದುರಿತು. ಫೋಟೋ ಕಲಸಿಹೋಯಿತು. ಅದನ್ನೇ ಕಳಿಸಿದೆ. ಎರಡು ನಿಮಿಷಕ್ಕೆ ಆಪಾ ಫೋನು ಮಾಡಿದಳು. ಗೂಡು ನೋಡುತ್ತಲೇ ಮಾತಾಡೋಣವೆಂದು ಸ್ಪೀಕರಿಗೆ ಹಾಕಿ, ಇನ್ನೊಂದು ಫೋಟೋಗಾಗಿ ಎತ್ತಿ ಹಿಡಿದೆ.

ಆಪಾಗೆ ಕಿವಿ ಸ್ವಲ್ಪ ಮಂದ. ತನಗೆ ಕೇಳದ್ದು ಬೇರೆಯವರಿಗೂ ಕೇಳುವುದಿಲ್ಲವೆಂದು ಕಿರುಚಿಯೇ ಮಾತಾಡುತ್ತಾಳೆ. ವಿಮಾನ ತಲೆಯ ಮೇಲಿದ್ದಾಗಲೇ ಅವಳ ದನಿ ಏರಿಯ ಉದ್ದಕ್ಕೂ ಹೋಯಿತು.

“ಏನೂ ಕಾಣ್ತಿಲ್ಲ ಗೇ. ಉಡಾ ದಾಲೋ. ಉಡಾ ದಾಲೋ ಉಸ್ಕು.”

ನನ್ನ ಹಿಂದೆ ನಡೆಯುತ್ತಿದ್ದ ಹೆಜ್ಜೆಗಳು ನಿಂತವು.

ಅವರನ್ನು ದಿನಾ ನೋಡುತ್ತಿದ್ದೆ. ಅರವತ್ತರ ಆಸುಪಾಸು, ಬಿಳಿ ಕ್ಯಾನ್ವಾಸ್ ಶೂ, ನಾಯಿ ಓಡಿಸಲು ಕೈಯಲ್ಲೊಂದು ಕೋಲು. ಪರಿಚಯದವರಿಗೆ ಕೋಲು ಎತ್ತಿ ನಮಸ್ಕಾರ ಮಾಡುತ್ತಿದ್ದರು. ನಾನು ಗಾಬರಿಯಲ್ಲಿ ಕರೆ ಕಟ್ ಮಾಡಿದೆ. ಅದೇ ತಪ್ಪಾಯಿತು.

“ಯಾಕ್ ಕಟ್ ಮಾಡಿದ್ರಿ?” ಎಂದರು.

“ಏನಿಲ್ಲ ಸರ್, ನಮ್ಮಕ್ಕ.”

“ಏನ್ ಫೋಟೋ ತೆಗೀತಿದ್ರಿ?”

“ಹಕ್ಕಿದು ಸರ್. ಅಲ್ಲಿ ಗೂಡಿದೆ ನೋಡಿ.”

ಅವರು ಗೂಡಿನ ಕಡೆ ನೋಡಿದರು. ಕಸವೇ ಕಂಡಿರಬೇಕು. ನನಗೂ ಮೊದಲ ದಿನ ಕಸವೇ ಕಂಡಿತ್ತು. ಹಕ್ಕಿ ನಮ್ಮ ಸದ್ದಿಗೆ ಮೊಟ್ಟೆ ಮುಚ್ಚಿ ಮುಳುಗಿತ್ತು. ಅವರು ಮೇಲೆ ನೋಡಿದರು. ವಿಮಾನ ಇನ್ನೊಂದು ಸುತ್ತು ಬರುತ್ತಿತ್ತು.

“ಉಡಾ ದೋ ಅಂದ್ರಲ್ಲ ಆಯಮ್ಮ. ನಂಗೂ ಹಿಂದಿ ಬರುತ್ತೆ ಮೇಡಂ.”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ವಿಮಾನ, ಬುರ್ಖಾ, ಎತ್ತಿ ಹಿಡಿದ ಫೋನು, ಸ್ಪೀಕರಿನಲ್ಲಿ ‘ಉಡಾಯಿಸಿಬಿಡು’. ಅವರ ಜಾಗದಲ್ಲಿ ನಿಂತು ನೋಡಿದರೆ ನನಗೇ ನನ್ನ ಮೇಲೆ ಅನುಮಾನ ಬರುವ ಹಾಗಿತ್ತು. ಇಷ್ಟು ದಿನ ಮೊದಲು ಕನ್ನಡ, ಆಮೇಲೆ ಕ್ಯಾಮೆರಾ ಎಂದು ಕಾಪಾಡಿಕೊಂಡು ಬಂದವಳು ನಾನು. ಕ್ಯಾಮೆರಾ ಮೊದಲಾಗಿ, ಕನ್ನಡದ ಜಾಗಕ್ಕೆ ಆಪಾ ಬಂದುಬಿಟ್ಟಿದ್ದಳು.

“ಸರ್, ಉಡಾ ದಾಲೋ ಅಂದ್ರೆ ನಮ್ಮಲ್ಲಿ ಡಿಲೀಟ್ ಮಾಡು ಅಂತ. ಫೋಟೋ ಸರಿ ಬಂದಿರ್ಲಿಲ್ಲ. ಅದನ್ನ ಡಿಲೀಟ್ ಮಾಡು ಅಂದಳು, ಅಷ್ಟೇ.”

“ಓ. ಹಾಗಾದ್ರೆ ಮಾಡಿ.”

“ಏನು ಸರ್?”

“ಅವರು ಹೇಳಿದ್ನೇ ಮಾಡಿ. ಡಿಲೀಟ್.”

ಇನ್ನಿಬ್ಬರು ವಾಕಿಂಗಿನವರು ನಿಂತಿದ್ದರು. ಏರಿಯ ಕೆಳಗೆ ದನಕ್ಕೆ ಹುಲ್ಲು ಕೊಯ್ಯುತ್ತಿದ್ದ ಮುದುಕಿಯೊಬ್ಬಳು ಕುಡುಗೋಲು ಹಿಡಿದೇ ತಲೆ ಎತ್ತಿ ನೋಡುತ್ತಿದ್ದಳು. ನಾನು ಆ ಫೋಟೋ ಅಳಿಸಿದೆ. ಅವರು ಪಕ್ಕಕ್ಕೆ ಬಂದು ಬಗ್ಗಿ ನೋಡಿದರು. ಅದರ ಹಿಂದಿನದೂ ಗೂಡೇ. ಅದರ ಹಿಂದಿನದೂ. ಯಾವುದರ ಮೇಲೆ ಅವರ ಕಣ್ಣು ನಿಂತಿತೋ, ನಾನು ಕೇಳಲೂ ಇಲ್ಲ. ಒಂದೊಂದನ್ನಾಗಿ ಎಲ್ಲವನ್ನೂ ಅಳಿಸಿದೆ. ಎಂಟು ದಿನದ್ದು. ಅವರು ಎಲ್ಲ ಅಳಿಸಿ ಎಂದಿರಲಿಲ್ಲ. ಈಗಲೂ ನನ್ನನ್ನು ಕುಟುಕುವುದು ಅದೇ. ಅವರು ಒಂದು ಕೇಳಿದರು, ನಾನು ಎಂಟು ದಿನ ಕೊಟ್ಟೆ.

“ತಪ್ಪು ತಿಳ್ಕೋಬೇಡಿ” ಎಂದರು. “ಕಾಲ ಹಂಗಿದೆ. ಎಲ್ಲಿಂದ ಬರೋದು ತಾವು?”

“ಕೊಡಿಗೇಹಳ್ಳಿ ಸರ್.”

“ಅಲ್ಲ, ಮೊದಲು?”

“ಜಾಲಹಳ್ಳಿ. ನಮ್ಮ ತಂದೆ ಫ್ಯಾಕ್ಟರೀಲಿದ್ರು. ಕ್ವಾರ್ಟರ್ಸಲ್ಲೇ ಹುಟ್ಟಿದ್ದು.”

“ಕನ್ನಡ ಚೆನ್ನಾಗಿ ಮಾತಾಡ್ತೀರಿ” ಎಂದು ಹೇಳಿ, ಕೋಲು ಎತ್ತಿ, ಹೊರಟರು.

ಮರುದಿನ ಹೋಗಲಿಲ್ಲ. ಅದರ ಮರುದಿನ ಗೇಟಿನವರೆಗೆ ಹೋದೆ. ಸ್ಕೂಟರಿನಿಂದ ಇಳಿದು, ಚಪ್ಪಲಿಯೊಳಗಿನ ಕಲ್ಲು ತೆಗೆದು, ಒಳಗೆ ಇಣುಕಿ, ಮತ್ತೆ ಹತ್ತಿ ಕೂತೆ. ನಮ್ಮೆಜಮಾನರಿಗೆ ಹಿಂದಿನ ರಾತ್ರಿಯೇ ಎಲ್ಲ ಹೇಳಿದ್ದೆ. ದಾರಿಯಲ್ಲಿ ಅವರದು ಒಂದೇ ಮಾತು. “ಬೇಡ ಅಂದ್ರೆ ಬೇಡ. ಬೇಕು ಅಂದ್ರೆ ನಾನೂ ಬಂದು ನಿಂತ್ಕೋತೀನಿ.” ಗಡ್ಡದ ಇವರೂ ಪಕ್ಕದಲ್ಲಿ ಬಂದು ನಿಂತರೆ ಯಾರ ಅನುಮಾನ ಕಡಿಮೆಯಾಗುತ್ತದೆ ಎಂದು ಯೋಚಿಸಿ ನಗು ಬಂತು. ಅವರಿಗೂ ಗೊತ್ತಾಗಿ ನಕ್ಕರು.

ಆಪಾಗೆ ಸುಳ್ಳು ಹೇಳತೊಡಗಿದೆ. ಒಂದು ದಿನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಇನ್ನೊಂದು ದಿನ ಮಂಜು. ಆದರೆ ಗೂಡು ನೋಡಿಕೊಂಡೇ ಬಂದೆ ಎಂದೆ. ಹಕ್ಕಿ ಕೂತಿದೆ, ಮೊಟ್ಟೆ ನಾಲ್ಕೂ ಇವೆ, ಎಲ್ಲ ಹಾಗೇ ಇದೆ. ಮನೆಗೆಲಸದ ನಡುವೆ ನನಗೇ ಆ ಸುಳ್ಳು ಹಕ್ಕಿ ಕಾಣತೊಡಗಿತು. ಒಂದು ಕೆಲಸಕ್ಕೆ ಕೂತರೆ ಇನ್ನೊಂದು ನೆನಪಾಗುತ್ತಿತ್ತು. ಬೇಳೆಗೆ ಉಪ್ಪು ಎರಡು ಸಲ ಬಿತ್ತು. ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ ಎರಡನೇ ದಿನ ಹತ್ತಿರ ಬರುತ್ತಿತ್ತು. ಹೋಗುವುದಕ್ಕೂ ಆಗದು, ಹೋಗದೆ ಇರುವುದಕ್ಕೂ ಆಗದು.

ಮನೆಯಲ್ಲಿ ಮಾತೂ ತಪ್ಪಿಹೋಯಿತು. ಫ್ಯೂಸು ಹೋಯಿತೆಂದು ನಮ್ಮೆಜಮಾನರು ‘ಉಡ್’ ಎಂದು ಬಾಯಿ ತೆಗೆದರೆ, ಅಡಿಗೆಮನೆಯಿಂದ ಓಡಿ ಬಂದು ಕಿಟಕಿ ಹಾಕಿದೆ. ಹಾಕಿದ ಮೇಲೆ ಇಬ್ಬರೂ ಕತ್ತಲೆಯಲ್ಲಿ ಬೆಂಕಿಪೊಟ್ಟಣ ತಡಕಿದೆವು.

ಸುಳ್ಳಿನ ಆರನೇ ದಿನ ಆರ್.ಟಿ. ನಗರಕ್ಕೆ ಹೋದೆ. ಆಪಾ ದಿಂಬಿಗೆ ಒರಗಿ ಕೂತಿದ್ದಳು.

“ಹೇಗಿದೆ?” ಎಂದಳು.

“ಕೂತಿದೆ.”

“ಬಾಟಲಿ?”

“ಯಾವ ಬಾಟಲಿ?”

“ಹಸಿರು ಮುಚ್ಚಳದ್ದು. ಪಕ್ಕದಲ್ಲೇ ಇತ್ತಲ್ಲ.”

“ಇದೆ, ಅಲ್ಲೇ ಇದೆ” ಎಂದೆ, ಹಣ್ಣು ಸುಲಿಯುತ್ತಾ.

ಆಪಾ ದಿಂಬಿನ ಕೆಳಗಿಂದ ಫೋನು ತೆಗೆದಳು. ಬೆರಳಿನಿಂದ ಹಿಂದೆ ಹಿಂದೆ ಸರಿಸಿ ನನ್ನ ಮುಖದ ಮುಂದೆ ಹಿಡಿದಳು. ಆ ಒಂಬತ್ತನೇ ದಿನದ ಕಲಸಿದ ಫೋಟೋ. ನೀರು, ಜೊಂಡು, ಹಕ್ಕಿ ಎಲ್ಲವೂ ಒಂದೇ ಬಣ್ಣದ ಗಂಜಿ.

“ಇದ್ರಲ್ಲಿ ಹಕ್ಕಿ ಕಾಣಲ್ಲ. ಆದ್ರೆ ಹಸಿರು ಇಲ್ಲ ನೋಡು. ಅವತ್ತೇ ಬಾಟಲಿ ಯಾರೋ ತೆಗೆದಿದ್ರು. ನೀನು ಅವತ್ತಿಂದ ಹೋಗೇ ಇಲ್ಲ.”

ನಾನು ಮಾತು ತಿರುಗಿಸಿದೆ. “ಇದನ್ನ ಅಳಿಸು ಅಂದಿದ್ದೆ ನೀನು.”

“ನಿನಗೆ ಅಂದಿದ್ದೆ. ನಾನ್ಯಾಕೆ ಅಳಿಸ್ಲಿ?”

ಆಗ ಹೇಳಿದೆ. ಎಲ್ಲವನ್ನೂ. ಕೋಲಿನವರು, ವಿಮಾನ, ‘ನಂಗೂ ಹಿಂದಿ ಬರುತ್ತೆ’ ಎಂದದ್ದು, ನಾನೇ ಎಲ್ಲ ಅಳಿಸಿದ್ದು. ಸಮಾಧಾನ ಹೇಳುತ್ತಾಳೆಂದು ಕಾದೆ. ಆಪಾ ಕಿಟಕಿಯಾಚೆಯ ಟ್ಯಾಂಕಿನ ಕಡೆ ತಿರುಗಿದಳು. ಆಮೇಲೆ ದನಿ ಇಳಿಸಿ, ನಾನು ಅವಳ ಬಾಯಿಯ ಹತ್ತಿರ ಬಗ್ಗಬೇಕಾಗುವಷ್ಟು ಇಳಿಸಿ, ಕನ್ನಡದಲ್ಲಿ ಹೇಳಿದಳು. “ಡಿಲೀಟ್ ಮಾಡು ಅನ್ನಬೇಕಿತ್ತು. ನನ್ನದೇ ತಪ್ಪು.”

“ಆಪಾ.”

“ಬಿಡು. ಹೋಗಬೇಡ. ಮರಿ ಬಂದ್ರೆ ಬಂತು. ಹಕ್ಕಿಗೆ ನಾನು ನೋಡಬೇಕು ಅಂತೇನಿಲ್ಲ.”

ನಮ್ಮಿಬ್ಬರ ನಡುವೆ, ಮುಚ್ಚಿದ ಬಾಗಿಲ ಹಿಂದೆ, ಅವಳ ಮಂಚದ ಮೇಲೆ, ಆಪಾ ಕನ್ನಡದಲ್ಲಿ ಪಿಸುಗುಟ್ಟಿದಳು. ಜೀವನದಲ್ಲಿ ಮೊದಲ ಸಲ. ಬಸ್ಸಿನಲ್ಲಿ ಮನೆಗೆ ಬರುವಾಗ ಹೆಬ್ಬಾಳದ ಫ್ಲೈಓವರಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡೆವು. ಪಕ್ಕದ ಸೀಟಿನ ಹೆಂಗಸು ಕಿಟಕಿಯಿಂದ ಕೈ ಹಾಕಿ ಟ್ರಾಫಿಕ್ಕಿನ ಫೋಟೋ ತೆಗೆದು ಯಾರಿಗೋ ಕಳಿಸಿದಳು. ಅವಳ ಕೈಯನ್ನೇ ನೋಡುತ್ತಿದ್ದೆ. ನಡುಗಲಿಲ್ಲ.

ಮರುದಿನ ಹೋದೆ. ನಮ್ಮೆಜಮಾನರಿಗೆ ಬರಬೇಡಿ ಎಂದೆ, ಅವರು ಗೇಟಿನ ಹೊರಗೆ ಸ್ಕೂಟರು ನಿಲ್ಲಿಸಿಕೊಂಡು ಉಳಿದರು. ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ ದಿನಕ್ಕೆ ಇನ್ನೂ ಒಂದು ದಿನವಿತ್ತು.

ಗೂಡು ಖಾಲಿ. ಗುಪ್ಪೆ ಅರ್ಧ ಮುಳುಗಿತ್ತು. ಹಕ್ಕಿ ಇಲ್ಲ, ಮೊಟ್ಟೆ ಇಲ್ಲ. ನಾನು ಏರಿಯ ಅಂಚಿಗೆ ಹೋಗಿ ನಿಂತೆ. ಆರು ದಿನ ಹೇಳಿದ ಸುಳ್ಳಿಗೆ ಈ ಶಿಕ್ಷೆ ಎನ್ನಿಸಿತು. ಆಪಾಗೆ ಏನು ಹೇಳುವುದು.

ಕೆಳಗಿನಿಂದ ಹುಲ್ಲಿನ ಮುದುಕಿ ಕೂಗಿದಳು. “ಏನವ್ವ, ಎಲ್ಲೋಗಿದ್ದೆ ಇಷ್ಟ್ ದಿನ?”

“ಹುಷಾರಿರಲಿಲ್ಲ ಅಜ್ಜಿ. ಗೂಡು ಏನಾಯ್ತು?”

“ಅಕ್ಕಿ ಮರಿ ಆಗವೆ ಕಣವ್ವ. ಮೊನ್ನೆನೇ. ಅತ್ಲಾಗೆ ಓದ್ವು, ಜೊಂಡಿನ್ ಕಡೀಕೆ.” ಕುಡುಗೋಲು ಚಾಚಿ ತೋರಿಸಿದಳು. ಅವಳ ಬಾಯಲ್ಲಿ ಹಕ್ಕಿ ಅಕ್ಕಿಯಾಗುತ್ತದೆ, ಹುಲ್ಲು ಉಲ್ಲಾಗುತ್ತದೆ. “ಆವತ್ತು ಆವಪ್ಪ ನಿನ್ನ ಏನ್ ಕೇಳ್ತಿದ್ದ? ಉಡ ಬಂದಿತ್ತಾ?”

“ಏನು ಬಂದಿತ್ತಾ?”

“ಉಡ. ನಿನ್ ಫೋನಾಗೆ ಯಾರೋ ಉಡಾ ಉಡಾ ಅಂತ ಒಂದೇ ಸಮ ಕೂಗ್ಕತಿದ್ರಲ್ಲ. ಉಡ ಮೊಟ್ಟೆ ತಿನ್ನಾಕೆ ಬಂದೈತೆ ಅಂದ್ಕಂಡು ನಾನೂ ಎದ್ ನೋಡ್ದೆ. ಎಲ್ಲೂ ಕಾಣ್ಲಿಲ್ಲ. ಸಿಕ್ತಾ ಆಮೇಲೆ?”

ಅಂದು ಇವಳು ಕುಡುಗೋಲು ಹಿಡಿದು ನನ್ನನ್ನೇ ದಿಟ್ಟಿಸುತ್ತಿದ್ದಾಳೆಂದು ಹೆದರಿದ್ದೆ. ಅವಳು ಹುಲ್ಲಿನಲ್ಲಿ ಉಡ ಹುಡುಕುತ್ತಿದ್ದಳು.

“ಇಲ್ಲ ಅಜ್ಜಿ, ಸಿಗ್ಲಿಲ್ಲ” ಎಂದೆ.

ಅವಳು ತೋರಿಸಿದ ಕಡೆ ನಡೆದೆ. ಜೊಂಡಿನ ಅಂಚಿನಲ್ಲಿ ಹಕ್ಕಿ ಕಂಡಿತು. ಬೆನ್ನು ಉಬ್ಬಿಕೊಂಡಿತ್ತು. ರೆಕ್ಕೆಯ ನಡುವಿನಿಂದ ಪಟ್ಟೆ ಪಟ್ಟೆಯ ಒಂದು ತಲೆ, ಹೆಬ್ಬೆರಳಿನಷ್ಟು, ಹೊರಗೆ ಬಂದು ಒಳಗೆ ಹೋಯಿತು. ಆಮೇಲೆ ಎರಡು. ಮೂರನೆಯದು ನೀರಿನಲ್ಲಿ ಒದ್ದಾಡಿಕೊಂಡು ಹತ್ತಲು ನೋಡುತ್ತಿತ್ತು. ನಾಲ್ಕನೆಯದು ಇದ್ದರೆ ನನಗೆ ಕಾಣಲಿಲ್ಲ.

ಫೋನು ತೆಗೆದೆ. ಕಿವಿಗೆ ಹಿಡಿಯಲಿಲ್ಲ. ಅದಕ್ಕೆ ಸಮಯವಿರಲಿಲ್ಲ, ಹಕ್ಕಿ ಜೊಂಡಿನೊಳಗೆ ಹೊರಟಿತ್ತು. ಎತ್ತುವಾಗ ಎಡಗಣ್ಣಿನ ಅಂಚಿನಲ್ಲಿ ಬಿಳಿ ಕ್ಯಾನ್ವಾಸ್ ಶೂ ಕಂಡವು. ಬರುತ್ತಿದ್ದವು. ದೂರದಲ್ಲಿ ಹೊಲಿಗೆ ಯಂತ್ರದ ಸದ್ದೂ ಶುರುವಾಯಿತು. ಒತ್ತಿದೆ. ಮತ್ತೆ ಒತ್ತಿದೆ. ಎಷ್ಟು ಸಲವೋ. ಶೂಗಳು ನನ್ನಿಂದ ಹತ್ತು ಹೆಜ್ಜೆ ಆಚೆ ನಿಂತವು.

ನಾನು ತಿರುಗಲಿಲ್ಲ. ತಿರುಗಿದರೆ ‘ಸರ್’ ಎಂದುಬಿಡುತ್ತೇನೆಂದು ಗೊತ್ತಿತ್ತು. ತೆಗೆದವುಗಳಲ್ಲಿ ಎಲ್ಲವೂ ಕಲಸಿದ್ದವು. ಒಂದರಲ್ಲಿ ಮಾತ್ರ, ಕಂದು ಬಣ್ಣದ ಗೀಚಿನ ಮೇಲೆ ಬಿಳಿ ಕಪ್ಪು ಎರಡು ಗೆರೆ. ಗೊತ್ತಿದ್ದವರಿಗೆ ಅದು ಮರಿಯ ತಲೆ. ಗೊತ್ತಿಲ್ಲದವರಿಗೆ ಏನೂ ಅಲ್ಲ. ಕಳಿಸಿದೆ.

ಎರಡು ನಿಮಿಷ. ಮೂರು. ಆಪಾ ಬೆರಳಿನಿಂದ ಎಳೆದು ದೊಡ್ಡದು ಮಾಡುತ್ತಿರುತ್ತಾಳೆ. ಅಷ್ಟು ಹೊತ್ತೂ ಶೂಗಳು ಅಲ್ಲೇ ಇದ್ದವು. ನಾನು ಮುಗಿಸಲೆಂದು ಕಾಯುತ್ತಿದ್ದರೋ, ಕಾವಲು ನಿಂತಿದ್ದರೋ, ಹಕ್ಕಿಯನ್ನೇ ನೋಡುತ್ತಿದ್ದರೋ. ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದ್ದರೆ ಹೇಳುತ್ತಿದ್ದರೇನೋ. ಕೇಳಲಿಲ್ಲ.

ಫೋನು ಬಡಿದುಕೊಂಡಿತು. ಸ್ಪೀಕರಿಗೆ ಹಾಕಬಾರದೆಂದು ಹಿಂದಿನ ದಿನ ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದ್ದೆ. ಆದರೆ ಹಕ್ಕಿ ಇನ್ನೂ ಅಲ್ಲಿತ್ತು, ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಹಾಕಿದೆ.

ಮೊದಲು ಉಸಿರು ಮಾತ್ರ ಕೇಳಿತು. ಆಮೇಲೆ ಆಪಾ ಪಿಸುಗುಟ್ಟಲು ನೋಡಿದಳು, ಕನ್ನಡದಲ್ಲಿ. “ಬೆನ್ನ ಮೇಲೆ… ಎರಡಿದೆ ಅಲ್ವಾ…” ಅಷ್ಟೇ ಆದದ್ದು. ಸಂತೋಷಕ್ಕೆ ಅವಳ ದನಿ ಕೈಮೀರಿತು. ಏರಿಯ ಉದ್ದಕ್ಕೂ ಹೋಯಿತು.

“ಉಡಾವ್ ನಕ್ಕೋ ಗೇ. ಕಲಸಿದ್ರೂ ಇರ್ಲಿ, ಉಡಾವ್ ನಕ್ಕೋ ಉಸ್ಕು.”

ನಕ್ಕೋ ಅಂದರೆ ಬೇಡ. ಅಳಿಸಬೇಡ.

ಕೆಳಗೆ ಹುಲ್ಲಿನಲ್ಲಿ ಮುದುಕಿ ಮತ್ತೆ ಎದ್ದು ನಿಂತು ಅತ್ತ ಇತ್ತ ನೋಡಿದಳು. ಹಿಂದೆ ಕೋಲು ನೆಲಕ್ಕೆ ತಾಗಿದ ಸದ್ದಾಯಿತು.

“ನೈ ಉಡಾತೀ, ಆಪಾ” ಎಂದೆ. ಆಪಾಗೆ ಕಿವಿ ಮಂದ. ಅದಕ್ಕೆ ಜೋರಾಗಿಯೇ ಎಂದೆ.